ಸವೆದ ಭಾಗಕ್ಕೆ ಬದಲಿ ಎಲ್ಲಿ?
ಅಣುವಿದ್ಯುತ್ ಸ್ಥಾವರಗಳ ಬಿಡಿಭಾಗಗಳ ಕಥೆ

ಬೇಸಗೆಯ ನಡುವೆ ತೋಟದ ಪಂಪು ಕೆಟ್ಟು ನಿಂತರೆ ಕೃಷಿಕನ ಪಾಡು ಏನೆಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಇಂಪೆಲ್ಲರ್ ಸವೆದು ಹೋಗಿರುತ್ತದೆ. ಅದನ್ನು ಚೀಲಕ್ಕೆ ಹಾಕಿಕೊಂಡು ಬದಿಯಡ್ಕಕ್ಕೋ ಕಾಸರಗೋಡಿಗೋ ಹೋದರೆ ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಹಳೇ ಮಾಡೆಲ್ ಭಟ್ರೇ, ಆ ಕಂಪೆನಿಯೇ ಈಗ ಇಲ್ಲ" ಎಂದು ಬಿಡುತ್ತಾರೆ. ಮತ್ತೆ ಉಳಿದಿರುವುದು ಮೂರೇ ದಾರಿ. ಎಲ್ಲಿಯಾದರೂ ಹಳೆಯದೊಂದು ಸಿಗುವುದೋ ಎಂದು ಹುಡುಕುವುದು, ಲೇತಿನವರಲ್ಲಿ ಹೇಳಿ ಅದರಂತೆಯೇ ಒಂದನ್ನು ಮಾಡಿಸುವುದು, ಇಲ್ಲವೇ ಪಂಪನ್ನೇ ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದು.

ಇದೇ ಸಂಕಟ ಒಂದು ಅಣುವಿದ್ಯುತ್ ಸ್ಥಾವರಕ್ಕೆ ಬಂದರೆ? ಇದು ಬರಿಯ ಕಲ್ಪನೆಯ ಮಾತಲ್ಲ. ಯುರೋಪಿನ ಸ್ಲೊವೇನಿಯಾ ದೇಶದ ಕ್ರಶ್ಕೊ ಎಂಬಲ್ಲಿ ಒಂದು ಅಣುಸ್ಥಾವರವಿದೆ. ಅಲ್ಲಿ ಬೆಂಕಿ ಆರಿಸುವ ನೀರಿನ ಪಂಪೊಂದು 1981ರಿಂದ ಕೆಲಸ ಮಾಡುತ್ತಿತ್ತು. ಅದರ ಇಂಪೆಲ್ಲರ್ ಸವೆದಾಗ ನೋಡಿದರೆ, ಅದನ್ನು ತಯಾರಿಸಿದ ಕಂಪೆನಿಯೇ ಇಲ್ಲವಾಗಿತ್ತು. ಕೊನೆಗೆ ಸೀಮೆನ್ಸ್ ಸಂಸ್ಥೆಯವರು ಹಳೆಯ ಭಾಗದ ಅಳತೆಗಳನ್ನು ಗಣಕಯಂತ್ರಕ್ಕೆ ಊಡಿಸಿ, ಲೋಹದ ಪುಡಿಯನ್ನು ಪದರ ಪದರವಾಗಿ ಬೆಸೆಯುವ ತ್ರೀಡಿ ಮುದ್ರಣದ ವಿಧಾನದಿಂದ ಹೊಸದೊಂದನ್ನು ಮಾಡಿಕೊಟ್ಟರು. 108 ಮಿಲಿಮೀಟರ್ ಅಗಲದ, ಅಂಗೈಯೊಳಗೆ ಹಿಡಿಯುವಂಥ ಆ ಭಾಗವು ಹಲವು ಪರೀಕ್ಷೆಗಳನ್ನು ದಾಟಿ 2017ರಲ್ಲಿ ಕೆಲಸಕ್ಕೆ ತೊಡಗಿತು.

ಕಥೆ ಸುಖವಾಗಿ ಮುಗಿಯಿತು, ಸರಿ. ಆದರೆ ಇದರೊಳಗೆ ನಾವು ಯೋಚಿಸಬೇಕಾದ ಸಂಗತಿಯೊಂದಿದೆ. ಅಣುಸ್ಥಾವರವೆಂದರೆ ನಲುವತ್ತು, ಅರುವತ್ತು ವರ್ಷ ನಡೆಯಬೇಕಾದ ಯಂತ್ರ. ಕಟ್ಟಿದವರು ನಿವೃತ್ತರಾಗುತ್ತಾರೆ, ಕಂಪೆನಿಗಳು ಮುಚ್ಚುತ್ತವೆ, ದೇಶಗಳ ನಡುವಣ ಸ್ನೇಹ ಕೆಡುತ್ತದೆ. ಯಂತ್ರ ಮಾತ್ರ ಸವೆಯುತ್ತಲೇ ಇರುತ್ತದೆ. ಆದುದರಿಂದ ಅಣುಸ್ಥಾವರವನ್ನು ಕಟ್ಟುವ ಜಾಣತನಕ್ಕಿಂತ, ಅದರ ಸವೆದ ಭಾಗವನ್ನು ಹೊತ್ತಿಗೆ ಸರಿಯಾಗಿ ಗುರುತಿಸಿ ಬದಲಾಯಿಸುವ ಶಕ್ತಿಯೇ ದೊಡ್ಡದು. ನಮ್ಮ ದೇಶಕ್ಕೆ ಈ ಪಾಠವನ್ನು ಕಲಿಸಿದ್ದು ರಾಜಸ್ಥಾನ.

ಕೆನಡಾ ಕೈಬಿಟ್ಟಾಗ

ರಾಜಸ್ಥಾನದ ಕೋಟಾ ಪಟ್ಟಣದಿಂದ ಮುಂದೆ, ಚಂಬಲ್ ನದಿಯ ದಡದ ರಾವತ್‌ಭಾಟಾದಲ್ಲಿ ವಿದ್ಯುತ್ ಉತ್ಪಾದಿಸುವ ನಮ್ಮ ಮೊದಲ ಭಾರಜಲ ರಿಯಾಕ್ಟರು ಸ್ಥಾಪನೆಯಾದುದು ಕೆನಡಾ ದೇಶದ ನೆರವಿನಿಂದ. ಅದರ ಮೊದಲ ಘಟಕವು 1973ರ ದಶಂಬರದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಅದಾಗಿ ಐದು ತಿಂಗಳು ಕಳೆದು, 1974ರ ಮೇ 18ರಂದು, ಭಾರತವು ಪೋಖ್ರಾನಿನಲ್ಲಿ ಅಣುಸ್ಫೋಟ ನಡೆಸಿತು. ಕೆನಡಾ ತನ್ನ ನೆರವನ್ನು ನಿಲ್ಲಿಸಿಬಿಟ್ಟಿತು. ಎರಡನೆಯ ಘಟಕವಿನ್ನೂ ಅರ್ಧದಲ್ಲಿತ್ತು. ಅದನ್ನು ನಮ್ಮವರೇ ಮುಗಿಸಿ 1981ರಲ್ಲಿ ವಾಣಿಜ್ಯ ಉತ್ಪಾದನೆಗೆ ತಂದರು. ಕಟ್ಟಿ ಮುಗಿಸಿದ್ದಾಯಿತು, ಇನ್ನು ಕೆಟ್ಟರೆ ಬಿಡಿಭಾಗ ಕೊಡುವವರು ಯಾರು?

ಇಲ್ಲಿ ಈ ರಿಯಾಕ್ಟರಿನ ಒಳಗನ್ನು ಸ್ವಲ್ಪ ಇಣುಕಿ ನೋಡಬೇಕಾಗುತ್ತದೆ. ದೊಡ್ಡದೊಂದು ಉಕ್ಕಿನ ಪೀಪಾಯಿಯನ್ನು ಅಡ್ಡ ಮಲಗಿಸಿದಂತೆ ಭಾವಿಸಿ. ಅದರ ಒಂದು ಮುಖದಿಂದ ಇನ್ನೊಂದು ಮುಖಕ್ಕೆ 306 ಕೊಳವೆಗಳು ಹಾದುಹೋಗುತ್ತವೆ. ಒಂದೊಂದು ಕೊಳವೆಯೊಳಗೂ ಯುರೇನಿಯಂ ಇಂಧನದ ಕಟ್ಟುಗಳು ಸಾಲಾಗಿ ಕುಳಿತಿರುತ್ತವೆ. ಅವುಗಳ ಮೇಲಿಂದ ಭಾರಜಲವು ಹರಿದು, ಕಾವನ್ನು ಹೊತ್ತುಕೊಂಡು ಹೋಗಿ, ಬೇರೆ ಕಡೆ ಸಾದಾ ನೀರನ್ನು ಆವಿಯಾಗಿಸುತ್ತದೆ. ಆ ಆವಿಯೇ ಟರ್ಬೈನನ್ನು ತಿರುಗಿಸುವುದು. ಕೊಳವೆಯೊಳಗಿನ ಭಾರಜಲದ ಕಾವು 290 ಡಿಗ್ರಿಯ ಆಸುಪಾಸು. ಒತ್ತಡವು ನಮ್ಮ ಸುತ್ತಲಿನ ವಾಯುವಿನ ಒತ್ತಡದ 80 ಪಟ್ಟಿಗೂ ಮಿಕ್ಕಿದ್ದು. ಕೊಳವೆಯ ಗೋಡೆಯ ದಪ್ಪವಾದರೋ ನಾಲ್ಕು ಮಿಲಿಮೀಟರಿನ ಲೆಕ್ಕದ್ದು.

ಈ ಬಿಸಿ ಕೊಳವೆಯ ಸುತ್ತ ಇನ್ನೊಂದು ತಣ್ಣನೆಯ ಕೊಳವೆಯಿದೆ. ಎರಡೂ ಒಂದಕ್ಕೊಂದು ತಾಗಕೂಡದು. ತಾಗದಂತೆ ನಡುವೆ ಗಾರ್ಟರ್ ಸ್ಪ್ರಿಂಗ್ ಎಂಬ ಸಣ್ಣ ಸುರುಳಿಗಳನ್ನು ಬಳೆ ತೊಡಿಸಿದ ಹಾಗೆ ತೊಡಿಸಿರುತ್ತಾರೆ. ಕೋಟಿಗಟ್ಟಲೆ ರೂಪಾಯಿಯ ರಿಯಾಕ್ಟರಿನ ಕ್ಷೇಮವು ಈ ಬಳೆಯನ್ನು ಹೊಂದಿಕೊಂಡಿದೆ ಎಂದರೆ ನಂಬುವುದು ಕಷ್ಟ. ಆದರೆ 1983ರ ಆಗಸ್ಟ್ 1ರಂದು ಕೆನಡಾದಲ್ಲಿ ನಡೆದ ಘಟನೆ ಅದನ್ನೇ ತೋರಿಸಿಕೊಟ್ಟಿತು.

ಟೊರಾಂಟೋ ನಗರದ ಬಳಿಯ ಪಿಕರಿಂಗ್ ಸ್ಥಾವರದ ಎರಡನೆಯ ಘಟಕದಲ್ಲಿ ಅಂದು ಒಂದು ಕೊಳವೆ ಸುಮಾರು ಎರಡು ಮೀಟರ್ ಉದ್ದಕ್ಕೆ ಸೀಳಿಕೊಂಡಿತು. ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. ಬಳಿಕ ಪರೀಕ್ಷಿಸಿದಾಗ ಕಾರಣ ತಿಳಿಯಿತು. ಸುರುಳಿಗಳು ಇರಬೇಕಾದ ಜಾಗದಿಂದ ಸರಿದಿದ್ದುವು. ವರ್ಷಗಟ್ಟಲೆ ಕಾವು ಮತ್ತು ವಿಕಿರಣಗಳಿಗೆ ಒಡ್ಡಿಕೊಂಡ ಕೊಳವೆಯು, ಕಾಯಿಯ ಭಾರಕ್ಕೆ ಕೊಂಬೆ ಬಾಗುವಂತೆ ಬಾಗಿ, ಹೊರಗಿನ ತಣ್ಣನೆಯ ಕೊಳವೆಗೆ ತಾಗಿತ್ತು. ತಾಗಿದ ತಂಪು ಜಾಗಕ್ಕೆ ಲೋಹದೊಳಗಿದ್ದ ಜಲಜನಕದ ಅಂಶ ಸರಿದು ಬಂದು ಶೇಖರವಾಗಿ, ಅಲ್ಲಿ ಬೊಕ್ಕೆಯಂತೆ ಎದ್ದು, ಲೋಹವು ಪಿಂಗಾಣಿಯಂತೆ ಪೆಡಸಾಯಿತು. ಉಳಿದ ಕೆಲಸವನ್ನು ಒತ್ತಡ ಮಾಡಿತು. ಜಿರ್ಕಲಾಯ್-2 ಎಂಬ ಆ ಮಿಶ್ರಲೋಹವು ಕಾಲ ಕಳೆದಂತೆ ಜಲಜನಕವನ್ನು ನಿರೀಕ್ಷೆಗಿಂತ ಹೆಚ್ಚು ಹೀರಿಕೊಳ್ಳುತ್ತದೆ ಎಂಬುದು ಹೀಗೆ ಬೆಳಕಿಗೆ ಬಂತು. ಪಿಕರಿಂಗಿನ ಮೊದಲ ನಾಲ್ಕು ಘಟಕಗಳ ಕೊಳವೆಗಳನ್ನೆಲ್ಲ ಮುಂದಿನ ವರ್ಷಗಳಲ್ಲಿ ಬದಲಾಯಿಸಬೇಕಾಯಿತು.

ರಾಜಸ್ಥಾನದ ಕೊಳವೆಗಳೂ ಅದೇ ಲೋಹದವು, ಅದೇ ವಿನ್ಯಾಸದವು. ಕೆನಡಾದವರಿಗೆ ಬದಲಿ ಕೊಳವೆ ತಮ್ಮ ಮನೆಯಲ್ಲೇ ಇತ್ತು. ನಮಗೆ?

ಕಡಲ ಮರಳಿನಿಂದ ಬಂದ ಕೊಳವೆ

ಇಲ್ಲಿ ನಮ್ಮ ಕರಾವಳಿಯ ಸಂಬಂಧವೊಂದು ಬರುತ್ತದೆ. ಕೊಲ್ಲಂ ಜಿಲ್ಲೆಯ ಚವರದ ಕಡಲ ದಂಡೆಯ ಕರಿಮರಳನ್ನು ಕೇಳದವರಿಲ್ಲ. ಅದರಲ್ಲಿ ಇಲ್ಮನೈಟ್, ಮೊನಜೈಟ್‌ಗಳ ಜೊತೆಗೆ ಜಿರ್ಕಾನ್ ಎಂಬ ಖನಿಜವೂ ಇದೆ. ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರ, ಇಲ್ಲೆಲ್ಲ ಮರಳಿನಿಂದ ಬೇರ್ಪಡುವ ಈ ಖನಿಜವೇ ಜಿರ್ಕೋನಿಯಂ ಲೋಹಕ್ಕೆ ಮೂಲ. ರಿಯಾಕ್ಟರಿನ ಕೊಳವೆಗೆ ಈ ಲೋಹವೇ ಬೇಕು. ಏಕೆಂದರೆ ಅದು ನ್ಯೂಟ್ರಾನುಗಳನ್ನು ನುಂಗುವುದು ಅತ್ಯಲ್ಪ. ಆದರೆ ಜಿರ್ಕೋನಿಯಂ ಇರುವಲ್ಲಿ ಹಾಫ್ನಿಯಂ ಎಂಬ ಇನ್ನೊಂದು ಧಾತು ಅವಳಿ ಸಹೋದರನಂತೆ ಅಂಟಿಕೊಂಡಿರುತ್ತದೆ. ಅದಾದರೋ ನ್ಯೂಟ್ರಾನುಗಳನ್ನು ಬಕಾಸುರನಂತೆ ನುಂಗುವುದು. ಇವೆರಡನ್ನು ಬೇರ್ಪಡಿಸುವುದೇ ದೊಡ್ಡ ವಿದ್ಯೆ.

ಹೈದರಾಬಾದಿನಲ್ಲಿ 1971ರಲ್ಲಿ ಸ್ಥಾಪನೆಯಾದ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್ ಈ ವಿದ್ಯೆಯನ್ನು ಕೈವಶ ಮಾಡಿಕೊಂಡಿತು. ಅಷ್ಟಕ್ಕೇ ನಿಲ್ಲದೆ, ಜಿರ್ಕೋನಿಯಂಗೆ ಶೇಕಡಾ ಎರಡೂವರೆಯಷ್ಟು ನಯೋಬಿಯಂ ಬೆರೆಸಿದ ಹೊಸ ಮಿಶ್ರಲೋಹದಿಂದ ಕೊಳವೆಗಳನ್ನು ತಯಾರಿಸಿತು. ಇದು ಹಳೆಯದಕ್ಕಿಂತ ಬಲವಾದುದು; ಜಲಜನಕವನ್ನು ಹೀರುವುದೂ ಬಹಳ ಕಡಮೆ. ಎಂದರೆ ರಾಜಸ್ಥಾನಕ್ಕೆ ದೊರೆತುದು ಹಳೆಯದರ ನಕಲಲ್ಲ, ಹಳೆಯದಕ್ಕಿಂತ ಮೇಲಾದ ಬದಲಿ. ಎರಡು ಸಡಿಲ ಸುರುಳಿಗಳಿದ್ದ ಜಾಗಕ್ಕೆ ಅಲುಗಾಡದ ನಾಲ್ಕು ಬಿಗಿ ಸುರುಳಿಗಳ ವಿನ್ಯಾಸ ಬಂತು.

1994ರಲ್ಲಿ ರಾಜಸ್ಥಾನದ ಎರಡನೆಯ ಘಟಕವನ್ನು ಈ ಕೆಲಸಕ್ಕಾಗಿ ನಿಲ್ಲಿಸಲಾಯಿತು. ಭಾರತದಲ್ಲಿ ಎಲ್ಲ ಕೊಳವೆಗಳನ್ನು ಒಟ್ಟಿಗೆ ಬದಲಾಯಿಸಿದ್ದು ಅದೇ ಮೊದಲು. ಇಂಧನವನ್ನು ಹೊರತೆಗೆದು, ಭಾರಜಲವನ್ನು ಬಸಿದು, ರಾಸಾಯನಿಕಗಳಿಂದ ತೊಳೆದು ವಿಕಿರಣದ ಪ್ರಮಾಣವನ್ನು ತಗ್ಗಿಸಿ, ದೂರದಿಂದ ನಡೆಸುವ ಉಪಕರಣಗಳಿಂದ 306 ಕೊಳವೆಗಳನ್ನೂ ಕತ್ತರಿಸಿ ಎಳೆದು ಹೊಸದನ್ನು ಕೂಡಿಸಿದರು. ಘಟಕವು ಮತ್ತೆ ವಿದ್ಯುತ್ ನೀಡಿದ್ದು 1998ರಲ್ಲಿ. ನಾಲ್ಕು ವರ್ಷ ಹಿಡಿದ ಇದೇ ಕೆಲಸವು ಮುಂದೆ ಚೆನ್ನೈ ಬಳಿಯ ಕಲ್ಪಾಕ್ಕಂನ ಎರಡನೆಯ ಘಟಕದಲ್ಲಿ 2002ರಲ್ಲಿ ಆರಂಭವಾಗಿ ಮರುವರ್ಷವೇ ಮುಗಿಯಿತು. ಕೈ ಪಳಗಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಈ ಕೆಲಸವನ್ನು ಮಾಡುವವರು ಮನುಷ್ಯರೆಂಬುದನ್ನು ಮರೆಯಬಾರದು. ಅಣುಸ್ಥಾವರದ ಕೆಲಸಗಾರನ ಶರೀರಕ್ಕೆ ತಗಲುವ ವಿಕಿರಣವು ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟನ್ನೂ, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟನ್ನೂ ಮೀರಬಾರದೆಂದು ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ಎದೆಯ ಮೇಲಿನ ಬಿಲ್ಲೆಯಲ್ಲಿ ಅದರ ಲೆಕ್ಕ ದಾಖಲಾಗುತ್ತದೆ. ತೋಟದ ಪಂಪಿನ ಹಾಗೆ ಬಿಚ್ಚಿಟ್ಟುಕೊಂಡು ಸಂಜೆಯ ತನಕ ಕುಟ್ಟುತ್ತಾ ಕೂರುವಂತಿಲ್ಲ. ಒಬ್ಬನ ಪಾಲು ಮುಗಿದರೆ ಅವನು ಹೊರಗೆ ಬರಬೇಕು, ಇನ್ನೊಬ್ಬ ಒಳಗೆ ಹೋಗಬೇಕು. ತೆಗೆದ ಹಳೆಯ ಕೊಳವೆಗಳನ್ನು ಗುಜರಿಗೆ ಮಾರುವಂತೆಯೂ ಇಲ್ಲ. ವಿಕಿರಣ ಸೂಸುವ ಅವುಗಳನ್ನು ದಪ್ಪ ಮರೆಗಳ ಹಿಂದೆ ದೀರ್ಘಕಾಲ ಕಾಪಾಡಬೇಕು. ಬದಲಿಸುವುದರ ಖರ್ಚಿನಲ್ಲಿ ಇದೂ ಸೇರಿದೆ.

ಬದಲಿಸಲಾಗದ್ದು, ಬದಲಿಸದೆ ಉಳಿದದ್ದು

ಎಲ್ಲ ಭಾಗಗಳಿಗೂ ಬದಲಿ ಉಂಟೇ? ಇಲ್ಲ. ರಾಜಸ್ಥಾನದ ಮೊದಲ ಘಟಕದಲ್ಲಿ, ಆ ಪೀಪಾಯಿಯ ಒಂದು ಬದಿಯ ಮುಚ್ಚಳದಂತಿರುವ ಎಂಡ್ ಶೀಲ್ಡ್ ಎಂಬ ಭಾಗ 1980ರ ದಶಕದ ಆರಂಭದಲ್ಲಿಯೇ ಬಿರುಕು ಬಿಟ್ಟಿತು. ಅದು ರಿಯಾಕ್ಟರಿನ ಮೈಗೇ ಕೂಡಿಕೊಂಡಿರುವ ಅಂಗ. ಕಳಚಿ ಹೊಸದನ್ನು ಇಡುವಂತಿಲ್ಲ. ತೇಪೆ ಹಾಕಿ, ಶಕ್ತಿಯನ್ನು ತಗ್ಗಿಸಿ ನಡೆಸಿದರು. 2004ರಿಂದ ಆ ಘಟಕ ನಡೆಯುತ್ತಿಲ್ಲ. ಬದಲಿಸಲಾಗದ ಭಾಗದ ಆಯುಷ್ಯವೇ ಯಂತ್ರದ ಆಯುಷ್ಯ.

ಕೆಲವೊಮ್ಮೆ ಬದಲಿ ಇಲ್ಲದಿದ್ದರೆ ಅಡ್ಡದಾರಿಯಾದರೂ ದೊರೆಯುತ್ತದೆ. ಕಲ್ಪಾಕ್ಕಂ ರಿಯಾಕ್ಟರುಗಳಲ್ಲಿ, ಪೀಪಾಯಿಯೊಳಕ್ಕೆ ಭಾರಜಲವನ್ನು ಹಂಚಿ ಬಿಡುವ ಭಾಗಗಳು 1988-89ರ ಸುಮಾರಿಗೆ ಮುರಿದುವು. ಅಲ್ಲಿಗೆ ಕೈ ಹಾಕಿ ಹೊಸದನ್ನು ಕೂಡಿಸುವುದು ಆಗದ ಮಾತು. ನೀರು ಹೊರಬರುವ ದಾರಿಯನ್ನೇ ಒಳಹೋಗುವ ದಾರಿಯನ್ನಾಗಿ ಮಾಡಿಕೊಂಡು, 220 ಮೆಗಾವಾಟಿನ ಬದಲು 170 ಮೆಗಾವಾಟಿಗೆ ಇಳಿಸಿ ಓಡಿಸಿದರು. ಮುಂದೆ ಕೊಳವೆಗಳನ್ನು ಬದಲಾಯಿಸುವಾಗ ಅವುಗಳಲ್ಲಿ ಮೂರರ ಜಾಗವನ್ನು ಭಾರಜಲ ಚಿಮ್ಮಿಸುವುದಕ್ಕೆ ಬಿಟ್ಟುಕೊಟ್ಟು, ಮತ್ತೆ ಪೂರ್ಣ ಶಕ್ತಿಗೆ ತಂದರು.

ಇನ್ನು, ಸೋತ ಭಾಗವು ಹೊತ್ತಿಗೆ ಬದಲಾಗದಿದ್ದರೆ ಏನಾಗುತ್ತದೆಂಬುದಕ್ಕೆ ಉತ್ತರಪ್ರದೇಶದ ನರೋರಾ ಉದಾಹರಣೆ. 1993ರ ಮಾರ್ಚ್ 31ರ ನಸುಕಿನಲ್ಲಿ ಮೊದಲ ಘಟಕದ ಟರ್ಬೈನಿನ ಎರಡು ಅಲಗುಗಳು ಲೋಹ ದಣಿದು ಮುರಿದುವು. ಸಮತೋಲ ತಪ್ಪಿದ ಯಂತ್ರ ನಡುಗಿತು, ಜಲಜನಕ ಸೋರಿ ಬೆಂಕಿ ಹತ್ತಿತು, ವಿದ್ಯುತ್ ತಂತಿಗಳು ಸುಟ್ಟು ಸುಮಾರು 17 ಗಂಟೆಗಳ ಕಾಲ ಸ್ಥಾವರದೊಳಗೆ ಕತ್ತಲೆ. ಕೆಲಸಗಾರರು ಟಾರ್ಚು ಹಿಡಿದು ಮೇಲೆ ಹತ್ತಿ, ರಿಯಾಕ್ಟರು ಮತ್ತೆ ಹೊತ್ತಿಕೊಳ್ಳದಂತೆ ಬೋರಾನ್ ದ್ರಾವಣವನ್ನು ಕೈಯಿಂದಲೇ ಬಿಟ್ಟರು. ಬೆಂಕಿ ಆರಿಸುವ ಡೀಸೆಲ್ ಪಂಪಿನ ನೀರಿನಿಂದ ಅದನ್ನು ತಂಪಾಗಿಟ್ಟರು. ವಿಕಿರಣ ಹೊರಬರಲಿಲ್ಲ. ಕ್ರಶ್ಕೊದವರು 108 ಮಿಲಿಮೀಟರಿನ ಭಾಗಕ್ಕಾಗಿ ಅಷ್ಟೊಂದು ಪಾಡು ಪಟ್ಟದ್ದೇಕೆಂಬುದು ಇಲ್ಲಿ ಅರ್ಥವಾಗುತ್ತದೆ. ಅದೂ ಬೆಂಕಿ ಆರಿಸುವ ಪಂಪಿನದೇ ಭಾಗ. ನರೋರಾದ ಬಳಿಕ ನಮ್ಮ ಸ್ಥಾವರಗಳಲ್ಲಿ ಇಂತಹ ಅಲಗುಗಳ ಜಾಗಕ್ಕೆ ಸುಧಾರಿಸಿದ ವಿನ್ಯಾಸದ ಅಲಗುಗಳು ಬಂದುವು.

ಸುಳ್ಳು ಸರ್ಟಿಫಿಕೇಟು

ಇಷ್ಟರ ತನಕ ಹೇಳಿದ್ದು ಭಾಗ ಸಿಗದ ಕಥೆ. ಕೈತುಂಬ ಭಾಗ ಸಿಕ್ಕಿಯೂ ಕೆಟ್ಟ ಕಥೆ ದಕ್ಷಿಣ ಕೊರಿಯಾದ್ದು.

ಅಣುಸ್ಥಾವರಕ್ಕೆ ಕೊಳ್ಳುವ ಸಣ್ಣ ಸ್ವಿಚ್ಚಿಗೂ ಒಂದು ಪ್ರಮಾಣಪತ್ರ ಬೇಕು. ಇದು ಇಂತಹ ಕಾವನ್ನು, ಇಂತಹ ಅಲುಗಾಟವನ್ನು ತಡೆದುಕೊಳ್ಳುತ್ತದೆಂದು ಪರೀಕ್ಷಿಸಿ ನೋಡಿದವರ ರುಜು ಅದು. ಪೇಟೆಯ ಸ್ವಿಚ್ಚಿಗೂ ಅಣುಸ್ಥಾವರದ ಸ್ವಿಚ್ಚಿಗೂ ಅನೇಕ ವೇಳೆ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲ. ವ್ಯತ್ಯಾಸವಿರುವುದು ಆ ಪರೀಕ್ಷೆಯಲ್ಲಿ. ದಕ್ಷಿಣ ಕೊರಿಯಾದಲ್ಲಿ ಸುಮಾರು ಹತ್ತು ವರ್ಷಗಳಿಂದ ಸುಳ್ಳು ಪ್ರಮಾಣಪತ್ರಗಳೊಡನೆ ಫ್ಯೂಸು, ಸ್ವಿಚ್ಚು, ಫ್ಯಾನು ಮುಂತಾದ ಸಾವಿರಾರು ಭಾಗಗಳು ಸ್ಥಾವರಗಳನ್ನು ಸೇರಿದ್ದುವೆಂಬುದು 2012ರ ನವಂಬರದಲ್ಲಿ ಬಯಲಾಯಿತು. ಯೊಂಗ್‌ಗ್ವಾಂಗ್ ಸ್ಥಾವರದ ಎರಡು ರಿಯಾಕ್ಟರುಗಳನ್ನು ಕೂಡಲೇ ನಿಲ್ಲಿಸಬೇಕಾಯಿತು. 2013ರ ಮೇ ತಿಂಗಳಲ್ಲಿ ಇನ್ನೂ ಗಂಭೀರವಾದುದು ಹೊರಬಿತ್ತು. ಅವಘಡದ ಸಮಯದಲ್ಲಿ ಆಜ್ಞೆ ರವಾನಿಸಬೇಕಾದ ಕೇಬಲುಗಳ ಪರೀಕ್ಷೆಯ ವರದಿಯನ್ನೇ ತಿದ್ದಿದ್ದರು. ಮತ್ತಷ್ಟು ರಿಯಾಕ್ಟರುಗಳು ನಿಂತುವು. ಆ ಬೇಸಗೆಯಲ್ಲಿ ಸೆಕೆಯಿಂದ ಬೇಯುತ್ತಿದ್ದ ಜನರಿಗೆ ವಿದ್ಯುತ್ತನ್ನು ಮಿತವಾಗಿ ಬಳಸಿರೆಂದು ಸರಕಾರ ಕೈಮುಗಿಯಬೇಕಾಯಿತು. ಅಕ್ಟೋಬರದ ಹೊತ್ತಿಗೆ ನೂರು ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು.

ಆ ಭಾಗಗಳಲ್ಲಿ ಎಷ್ಟೋ ಚೆನ್ನಾಗಿಯೇ ಇದ್ದಿರಬಹುದು. ಆದರೆ ಚೆನ್ನಾಗಿದೆಯೆಂದು ತಿಳಿಯುವ ದಾರಿಯೇ ಇಲ್ಲವಾಯಿತಲ್ಲ! ಓದದೆಯೇ ಪಾಸಾದ ಹುಡುಗನ ಅಂಕಪಟ್ಟಿಯಂತೆ, ಅದರಿಂದ ಓದಿ ಪಾಸಾದವರ ಅಂಕಪಟ್ಟಿಗೂ ಬೆಲೆ ಹೋಗುತ್ತದೆ.

ಹಾಗೆಂದು ಒಳ್ಳೆಯ ಭಾಗ, ಸಾಚಾ ಕಾಗದ, ಎರಡೂ ಇದ್ದರೆ ಚಿಂತೆಯಿಲ್ಲವೆನ್ನುವಂತೆಯೂ ಇಲ್ಲ. ಗುಜರಾತಿನ ಕಾಕ್ರಾಪಾರದ ಮೊದಲ ಘಟಕದ ಕೊಳವೆಗಳನ್ನೆಲ್ಲ ಬದಲಿಸಿ 2011ರಲ್ಲಿ ಮತ್ತೆ ಆರಂಭಿಸಿದ್ದರು. 2016ರ ಮಾರ್ಚ್ 11ರಂದು ಆ ಹೊಸ ಕೊಳವೆಗಳಲ್ಲೇ ಒಂದು ಸೋರಿತು. ತೆಗೆದು ನೋಡಿದರೆ ಅದರ ಹೊರಮೈಯಲ್ಲಿ ಅಲ್ಲಲ್ಲಿ ಕೊರೆತ. ಎರಡು ಕೊಳವೆಗಳ ನಡುವೆ ಹಾಯಿಸುವ ಅನಿಲದ ಶುದ್ಧತೆಯತ್ತ ತನಿಖೆ ತಿರುಗಿತು. ಐದು ವರ್ಷಗಳ ಹಿಂದೆ ಕೂಡಿಸಿದ ಕೊಳವೆಗಳನ್ನೆಲ್ಲ ಮತ್ತೊಮ್ಮೆ ಬದಲಾಯಿಸಬೇಕಾಯಿತು. ಬದಲಿಸುವುದರಿಂದ ಸವೆತ ಮುಗಿಯುವುದಿಲ್ಲ. ಲೆಕ್ಕ ಹೊಸದಾಗಿ ಶುರುವಾಗುತ್ತದೆ, ಅಷ್ಟೇ.

ನಮಗೇನು?

ಕೇರಳದಲ್ಲಿ ಅಣುಸ್ಥಾವರವಿಲ್ಲ. ಪಕ್ಕದ ಕಣ್ಣೂರು ಜಿಲ್ಲೆಯ ಪೆರಿಂಗೋಮಿನಲ್ಲಿ ಒಂದನ್ನು ಕಟ್ಟುವ ಯೋಚನೆಯು ಜನರ ವಿರೋಧದಿಂದಾಗಿ ಹಿಂದೆ ಸರಿಯಿತು. ಹಾಗಿದ್ದರೆ ಈ ಕಥೆಯೆಲ್ಲ ನಮಗೇಕೆಂದು ಓದುಗರು ಕೇಳಬಹುದು. ಉತ್ತರ ಕನ್ನಡ ಜಿಲ್ಲೆಯ ಕಾಳೀ ನದಿಯ ದಡದಲ್ಲಿ ಕೈಗಾ ಇದೆ. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿವೆ. ಅಲ್ಲಿನ ವಿದ್ಯುತ್ತಿನಲ್ಲಿ ಕೇರಳಕ್ಕೂ ಪಾಲಿದೆ. ನಮ್ಮ ಮನೆಯ ದೀಪದಲ್ಲಿ, ತೋಟದ ಪಂಪಿನಲ್ಲಿ ಕೈಗಾದ ಒಂದಂಶವೂ ಉರಿಯುತ್ತಿದೆ.

ಕೈಗಾ ಬೇಕೇ ಬೇಡವೇ ಎಂಬ ವಾದ ಹಳೆಯದು. ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಆ ವಿಷಯಕ್ಕಾಗಿಯೇ 1989ರ ಲೋಕಸಭಾ ಚುನಾವಣೆಗೆ ನಿಂತದ್ದನ್ನು ಹಿರಿಯರು ಮರೆತಿರಲಾರರು. ಆ ವಾದ ಎತ್ತ ಬೇಕಾದರೂ ಇರಲಿ, ಸ್ಥಾವರವಂತೂ ಎದ್ದು ನಿಂತಿದೆ, ಚೆನ್ನಾಗಿ ಓಡಿಯೂ ಇದೆ. ಅದರ ಮೊದಲ ಘಟಕವು 2016ರ ಮೇ 13ರಿಂದ 2018ರ ದಶಂಬರ 31ರ ತನಕ 962 ದಿನ ಒಮ್ಮೆಯೂ ನಿಲ್ಲದೆ ನಡೆದು ಜಗತ್ತಿನ ದಾಖಲೆಯನ್ನು ಮುರಿಯಿತು. ಅಲ್ಲಿ ಮೊದಲಿನಿಂದಲೂ ಇರುವುದು ನಯೋಬಿಯಂ ಬೆರೆಸಿದ ಕೊಳವೆಗಳು.

ಹೆಮ್ಮೆಪಡತಕ್ಕ ವಿಷಯವೇ. ಆದರೆ ಕೈಗಾದ ಮೊದಲ ಎರಡು ಘಟಕಗಳು ಆರಂಭವಾದುದು 2000ದಲ್ಲಿ. ಕಾಲು ಶತಮಾನ ದಾಟಿತು. ಇಂದಲ್ಲ ನಾಳೆ ಅಲ್ಲಿಯ ಕೊಳವೆಗಳಿಗೂ ಸರದಿ ಬಂದೇ ಬರುತ್ತದೆ. ಆಗ ಮಾಸಗಟ್ಟಲೆ, ವರ್ಷಗಟ್ಟಲೆ ಘಟಕ ನಿಲ್ಲುತ್ತದೆ. ನಿಂತಿತೆಂದು ಯಾರೂ ಗಾಬರಿಪಡಬೇಕಾಗಿಲ್ಲ, ಕರೆಂಟು ಕಡಮೆಯಾಯಿತೆಂದು ಗೊಣಗಬೇಕಾಗಿಯೂ ಇಲ್ಲ. ನಿಲ್ಲಿಸಬೇಕಾದಾಗ ನಿಲ್ಲಿಸುವುದೇ ಒಳ್ಳೆಯ ಲಕ್ಷಣ. ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ. ಹಾಕಿದ ಭಾಗವನ್ನು ಪರೀಕ್ಷಿಸಿದವರು ಯಾರು? ಆ ಪರೀಕ್ಷೆಯನ್ನು ಮತ್ತೊಮ್ಮೆ ನೋಡಿದವರು ಯಾರು? ಒಳಗೆ ದುಡಿದ ಗುತ್ತಿಗೆಯ ಕೂಲಿಯವನ ಎದೆಯ ಬಿಲ್ಲೆಯ ಲೆಕ್ಕ ಸರಿಯಾಗಿದೆಯೇ? ಇವುಗಳಿಗೆ ಉತ್ತರವನ್ನು ಜನರ ಮುಂದಿಡುವ ಸ್ಥಾವರಕ್ಕೆ ಜನರ ವಿಶ್ವಾಸ ತಾನಾಗಿ ಬರುತ್ತದೆ.

ನಮ್ಮ ಊರ ಲೇತಿನ ಅಂಗಡಿಗಳಲ್ಲಿ ಹಳೆಯ ಮೇಸ್ತ್ರಿಗಳ ಒಂದು ಕ್ರಮವುಂಟು. ಹೊಸ ಭಾಗವನ್ನು ಕೂಡಿಸಿ, ಪಂಪನ್ನು ಚಾಲೂ ಮಾಡಿ, ಹಣವನ್ನೂ ಎಣಿಸಿಕೊಂಡ ಮೇಲೆ, ಹೊರಡುವ ಗಿರಾಕಿಯನ್ನು ಕರೆದು, "ಒಂದು ವಾರ ಬಿಟ್ಟು ಒಮ್ಮೆ ಬಿಚ್ಚಿ ನೋಡಿ" ಎನ್ನುತ್ತಾರೆ. ಹೈದರಾಬಾದಿನ ಕೊಳವೆಗೂ ಕೊರಿಯಾದ ಸ್ವಿಚ್ಚಿಗೂ ಬೇಕಾದ ಮಾತು ಅದೇ.